ಇರುಮುಡಿ ಸೆಟ್ಟು: ನಲವತ್ತೊಂದು ದಿನದ ವ್ರತಕ್ಕೆ ಒಂದೇ ಡಬ್ಬ

ಶಬರಿಮಲೆಗೆ ಮಾಲೆ ಹಾಕುವವರಿಗೆಂದು ಈಚಿನ ವರ್ಷಗಳಲ್ಲಿ ಆನ್‌ಲೈನಿನಲ್ಲಿ ಮಾರಾಟವಾಗುತ್ತಿರುವ ಸಿದ್ಧ ಇರುಮುಡಿ (ಯಾತ್ರಿಕರು ತಲೆಯ ಮೇಲೆ ಹೊರುವ ಎರಡು ಭಾಗದ ಗಂಟು) ಸೆಟ್ಟುಗಳಲ್ಲಿ ಒಂದನ್ನು 2024ರ ನವೆಂಬರ್ ಮೊದಲ ವಾರ ತರಿಸಿಕೊಂಡೆವು. ಮಾಲಾಧಾರಣೆಯ ದಿನದಿಂದ ಸನ್ನಿಧಾನದ ತುಪ್ಪದ ಅಭಿಷೇಕದವರೆಗೆ ಅದರ ಒಂದೊಂದು ವಸ್ತುವನ್ನೂ ಬಳಸಿ ನೋಡಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ನನಗಿದು ಒಂಬತ್ತನೆಯ ಯಾತ್ರೆ. ಜೊತೆಗೆ ಬಂದ ತಂಗಿಯ ಮಗನಿಗೆ ಮೊದಲನೆಯದು, ಅಂದರೆ ಅವನು ಕನ್ನಿಸ್ವಾಮಿ. ಊರು ಬಿಟ್ಟು ಪಿಜಿಯಲ್ಲಿದ್ದು ಕೆಲಸಕ್ಕೆ ಹೋಗುವ ಅವನಿಗೆ ಗ್ರಂಧಿಗೆ ಅಂಗಡಿಗಳನ್ನು ಅಲೆಯುವ ಬಿಡುವು ಇರಲಿಲ್ಲ. ‘ಮಾಲೆಯಿಂದ ಮುದ್ರೆಕಾಯಿಯವರೆಗೆ ಎಲ್ಲವೂ ಒಂದೇ ಡಬ್ಬದಲ್ಲಿ’ (ಮುದ್ರೆಕಾಯಿ ಎಂದರೆ ಅಭಿಷೇಕದ ತುಪ್ಪ ತುಂಬಿಸುವ ತೆಂಗಿನಕಾಯಿ) ಎಂಬ ಜಾಹೀರಾತು ಕಂಡು 1,450 ರೂಪಾಯಿ ಕೊಟ್ಟು ತರಿಸಿದವನು ಅವನೇ. ನಾನು ಬೇಡವೆನ್ನಲಿಲ್ಲ, ಹೇಗಿರುತ್ತದೆಂಬ ಕುತೂಹಲ ನನಗೂ ಇತ್ತು.

ಡಬ್ಬ ಗಟ್ಟಿಯಾಗಿತ್ತು, ಒಳಗೆ ಜೋಡಿಸಿದ ಕ್ರಮವೂ ಅಚ್ಚುಕಟ್ಟಾಗಿತ್ತು. ಮೇಲಿನ ಪದರದಲ್ಲಿ ಐವತ್ತನಾಲ್ಕು ಮಣಿಗಳ ತುಳಸಿ ಮಾಲೆ, ಅಯ್ಯಪ್ಪನ ಮುದ್ರೆ, ಕಪ್ಪು ಪಂಚೆ, ಟವಲು ಮತ್ತು ಶರಣುಘೋಷದ ಪುಟ್ಟ ಪುಸ್ತಕ. ಕೆಳಗಿನ ಪದರದಲ್ಲಿ ಇರುಮುಡಿ ಚೀಲ, ಜುಟ್ಟು ತೆಗೆದು ನಯವಾಗಿ ಉಜ್ಜಿದ ಮುದ್ರೆಕಾಯಿ, ಒಡೆಯಲು ಎರಡು ತೆಂಗಿನಕಾಯಿ, ತುಪ್ಪದ ಪೊಟ್ಟಣ, ಬಿರಡೆ, ಮೇಣದ ತುಂಡು, ಅಕ್ಕಿ, ಬೆಲ್ಲ, ಅವಲಕ್ಕಿ, ಅರಳು, ಅರಿಶಿನ, ವಿಭೂತಿ, ಗಂಧ, ಅಯ್ಯಪ್ಪನ ಗೆಳೆಯ ವಾವರ ಸ್ವಾಮಿಗೆ ಕಾಳುಮೆಣಸು, ಕರ್ಪೂರ, ಅಗರಬತ್ತಿ, ಪನ್ನೀರು. ಪಟ್ಟಿಯಲ್ಲಿ ಒಂದೂ ಬಿಟ್ಟುಹೋಗಿರಲಿಲ್ಲ. ಆದರೆ ಆ ಎರಡು ಪದರಗಳನ್ನು ನೋಡುತ್ತಿದ್ದಂತೆಯೇ ನನ್ನಲ್ಲೊಂದು ಸಂಶಯ ಹುಟ್ಟಿತು. ಮೇಲಿನ ಪದರ ವ್ರತದ ಮೊದಲ ದಿನಕ್ಕೆ ಬೇಕಾದದ್ದು, ಕೆಳಗಿನದು ಯಾತ್ರೆ ಹೊರಡುವ ದಿನಕ್ಕೆ ಬೇಕಾದದ್ದು. ನಡುವೆ ನಲವತ್ತೊಂದು ದಿನಗಳಿವೆ. ಕಾಯಿ, ಅವಲಕ್ಕಿ, ಬೆಲ್ಲಗಳು ಅಷ್ಟು ಕಾಲ ಡಬ್ಬದಲ್ಲಿ ಕೂರಬೇಕು. ಈ ಡಬ್ಬವನ್ನು ಯೋಚಿಸಿದವರು ಎಂದಾದರೂ ಮಾಲೆ ಹಾಕಿದ್ದಾರೆಯೇ ಎಂಬ ಪ್ರಶ್ನೆ ಅಂದೇ ನನ್ನ ಮನಸ್ಸಿಗೆ ಬಂದಿತ್ತು. ಡಬ್ಬದ ಮೇಲೆ ‘60 ದಿನ ಕೆಡುವುದಿಲ್ಲ’ ಎಂದು ಅಚ್ಚಾಗಿದ್ದುದರಿಂದ ಹುಡುಗ ನಿಶ್ಚಿಂತನಾಗಿದ್ದ.

ಮಾಲೆಯ ಮಣಿಗಳ ಬಗ್ಗೆ ನನಗೆ ದೂರಿಲ್ಲ. ಹಗುರವಾಗಿದ್ದವು, ಒರಟಾಗಿರಲಿಲ್ಲ, ಬಣ್ಣ ಬಳಿದ ಗುರುತೂ ಇರಲಿಲ್ಲ. ಕೊರತೆ ಇದ್ದದ್ದು ದಾರದಲ್ಲಿ. ವ್ರತದಲ್ಲಿರುವವನು ದಿನಕ್ಕೆ ಎರಡು ಹೊತ್ತು ತಣ್ಣೀರು ಸ್ನಾನ ಮಾಡುತ್ತಾನೆ, ಮಾಲೆಯನ್ನು ತೆಗೆಯುವಂತಿಲ್ಲ, ನೆಲದ ಮೇಲೆ ಮಲಗುವಾಗಲೂ ಅದು ಕೊರಳಲ್ಲೇ ಇರುತ್ತದೆ; ಆದ್ದರಿಂದ ಮಣಿಗಿಂತ ದಾರ ಗಟ್ಟಿಯಿರಬೇಕು. ಈ ಮಾಲೆಯನ್ನು ಪೋಣಿಸಿದ್ದು ತೆಳುವಾದ ಹತ್ತಿಯ ನೂಲಿನಲ್ಲಿ, ಮಣಿಮಣಿಗೂ ನಡುವೆ ಗಂಟಿಲ್ಲದೆ. ಹತ್ತೊಂಬತ್ತನೆಯ ದಿನ ಬೆಳಗಿನ ಸ್ನಾನದ ವೇಳೆ ಅದು ಕಡಿದು, ಮಣಿಗಳು ಬಚ್ಚಲಿನ ನೆಲದ ಮೇಲೆಲ್ಲ ಉರುಳಿದವು. ನಮ್ಮ ಗುಂಪನ್ನು ನಡೆಸುವ ಹಿರಿಯರಾದ ಗುರುಸ್ವಾಮಿಗಳು ಮಾಲೆ ಹಾಕುವ ದಿನವೇ ಮುಂಜಾಗ್ರತೆಗೆಂದು ಅವನ ಕೊರಳಿಗೆ ಎರಡನೆಯ ಮಾಲೆಯೊಂದನ್ನೂ ಹಾಕಿದ್ದರಿಂದ ಕೊರಳು ಬರಿದಾಗಲಿಲ್ಲ. ಕಡಿದುದನ್ನು ಸಂಜೆ ಗಟ್ಟಿ ದಾರದಲ್ಲಿ ಮರುಪೋಣಿಸಿ ಶರಣು ಹೇಳಿ ಹಾಕಿಕೊಂಡದ್ದಾಯಿತು. ಹೊಸಬರು ಯಾವ ಅಂಗಡಿಯ ಮಾಲೆ ಕೊಂಡರೂ ಮೊದಲು ದಾರವನ್ನು ಬದಲಿಸಿಕೊಳ್ಳುವುದು ಒಳ್ಳೆಯದು. ಹತ್ತು ರೂಪಾಯಿಯ ಕೆಲಸ.

ಮಾಲೆ ಕಡಿದದ್ದು ಇಷ್ಟರಲ್ಲೇ ಮುಗಿಯಬೇಕಾದ ಸಂಗತಿ. ಮುಗಿಯದಂತೆ ಮಾಡಿದ್ದು ಸೆಟ್ಟಿನಲ್ಲಿದ್ದ ಒಂದು ಹಾಳೆ. ಕೆಂಪು ಅಂಚಿನ, ಎರಡೂ ಬದಿ ಅಚ್ಚಾದ ಆ ಹಾಳೆಗೆ ‘ಯಾತ್ರೆಗೆ ಮುನ್ನ ಕಾಣುವ ದೈವ ಸೂಚನೆಗಳು’ ಎಂಬ ತಲೆಬರಹವಿತ್ತು. ಕನಸಿನಲ್ಲಿ ಹುಲಿ ಅಥವಾ ಆನೆ ಕಂಡರೆ ಸ್ವಾಮಿಯ ಕರೆ ಬಂದಿದೆಯೆಂದು ತಿಳಿಯಬೇಕು. ಹೊರಡುವಾಗ ತುಂಬಿದ ಕೊಡ ಎದುರಾದರೆ ಶುಭ. ಹಲ್ಲಿ ಯಾವ ಭುಜದ ಮೇಲೆ ಬಿದ್ದರೆ ಏನು ಫಲ ಎಂಬುದಕ್ಕೆ ಅರ್ಧ ಪುಟ. ಮಾಲೆ ಕಡಿದರೆ ವ್ರತದಲ್ಲಿ ಗುಪ್ತ ದೋಷವಿದೆ. ಮುದ್ರೆಕಾಯಿ ಸೋರಿದರೆ ಅಥವಾ ಕೆಟ್ಟರೆ ಸ್ವಾಮಿ ಸೇವೆಯನ್ನು ಸ್ವೀಕರಿಸಲಿಲ್ಲವೆಂದೇ ಅರ್ಥ. ಮಾಲೆ ಕಡಿದ ದಿನ ಹುಡುಗ ಈ ಹಾಳೆಯನ್ನು ತೆಗೆದು ಓದಿ, ರಾತ್ರಿ ನನಗೆ ಫೋನು ಮಾಡಿದ. ವ್ರತ ಹಿಡಿದ ಮೇಲೆ ಅವನು ನನ್ನನ್ನು ಮಾವ ಎನ್ನುತ್ತಿರಲಿಲ್ಲ; ಅವನ ತಾಯಿಯೇ ಅವನನ್ನು ಸ್ವಾಮಿ ಎಂದು ಕರೆಯುತ್ತಿದ್ದಳು. “ಸ್ವಾಮಿ, ನನ್ನಿಂದ ಏನೋ ತಪ್ಪಾಗಿದೆ ಅಂತ ಕಾಣುತ್ತೆ, ಈ ವರ್ಷ ಬಿಟ್ಟುಬಿಡಲೇ?” ಎಂದು ಕೇಳಿದ. ಕಚ್ಚಾ ನೂಲಿನಲ್ಲಿ ಮಾಲೆ ಪೋಣಿಸಿ ಕೊಟ್ಟವರೇ, ಅದು ಕಡಿದರೆ ಕೊಂಡವನ ಪಾಪವೆಂದು ಬರೆದುಕೊಟ್ಟಿರುವುದು ನನಗೆ ಅಂದು ವಿಚಿತ್ರವಾಗಿ ಕಂಡಿತು. ಇದಕ್ಕಿಂತ ದೊಡ್ಡ ವಿಚಿತ್ರ ಮುಂದೆ ಕಾದಿತ್ತು.

ಅದಕ್ಕೆ ಮೊದಲು ಚೀಲದ ಮಾತು ಹೇಳಿಬಿಡುತ್ತೇನೆ, ಏಕೆಂದರೆ ಇಡೀ ಸೆಟ್ಟಿನಲ್ಲಿ ಎಲ್ಲಕ್ಕಿಂತ ಹೆಚ್ಚು ಮೆಚ್ಚಬಹುದಾದದ್ದು ಅದೇ. ದಪ್ಪ ಹತ್ತಿ ಬಟ್ಟೆ, ಜೋಡಿ ಹೊಲಿಗೆ, ಬಾಯಿ ಬಿಗಿಯಲು ಹುರಿಯಂಥ ಲಾಡಿ. ದೇವರಿಗೆ ಅರ್ಪಿಸುವ ವಸ್ತುಗಳ ಮುಂಭಾಗಕ್ಕೂ ದಾರಿಯ ಬುತ್ತಿಯ ಹಿಂಭಾಗಕ್ಕೂ ನಡುವಿನ ಪಟ್ಟಿಯನ್ನು ಸಾಕಷ್ಟು ಅಗಲವಾಗಿ ಬಿಟ್ಟಿದ್ದಾರೆ. ಆ ಪಟ್ಟಿ ಕಿರಿದಾದರೆ ಗಂಟು ನೆತ್ತಿಯ ಮೇಲೆ ಕೂರದೆ ಒಂದು ಕಡೆಗೆ ವಾಲುತ್ತದೆ, ಪಂಪೆಯಿಂದ ಸನ್ನಿಧಾನದವರೆಗಿನ ಸುಮಾರು ಐದು ಕಿಲೋಮೀಟರ್ ಏರಿನಲ್ಲಿ ಕೈ ಮೇಲೆತ್ತಿ ಹಿಡಿದೇ ನಡೆಯಬೇಕಾಗುತ್ತದೆ. ಈ ಚೀಲ ಹಾಗಾಗಲಿಲ್ಲ. ನೀಲಿಮಲೆಯ ಏರಿನಲ್ಲಿ ಹುಡುಗನ ಬೆವರಿಗೆ ಬಟ್ಟೆಯ ಕಪ್ಪು ಬಣ್ಣ ಸ್ವಲ್ಪ ಬಿಟ್ಟು ಹಣೆಯ ವಿಭೂತಿಗೆ ಇಳಿದದ್ದು ನಿಜ. ಒಮ್ಮೆ ಉಪ್ಪುನೀರಿನಲ್ಲಿ ನೆನೆಸಿ ಒಗೆದುಕೊಂಡಿದ್ದರೆ ಅದೂ ಆಗುತ್ತಿರಲಿಲ್ಲ.

ಜನವರಿ ಮೊದಲ ವಾರ ನಮ್ಮ ಗುಂಪಿನ ಇರುಮುಡಿ ಕಟ್ಟುವ ದಿನ ಬಂತು. ಭಜನಾ ಮಂದಿರದಲ್ಲಿ ಹದಿನಾಲ್ಕು ಸ್ವಾಮಿಗಳ ಕಾಯಿಗಳನ್ನು ಸಾಲಾಗಿ ಇಟ್ಟು, ಗುರುಸ್ವಾಮಿಗಳು ಒಂದೊಂದನ್ನೇ ಕೈಗೆ ತೆಗೆದುಕೊಳ್ಳುತ್ತಿದ್ದರು. ಸಾಮಾನ್ಯವಾಗಿ ಬಲಿತ ಕಾಯಿಯ ಮೂರು ಕಣ್ಣುಗಳಲ್ಲಿ ಮೆತ್ತಗಿರುವುದನ್ನು ಅಲ್ಲೇ ತೂತು ಮಾಡಿ, ನೀರನ್ನು ಪೂರ್ತಿ ಬಸಿದು, ಶರಣು ಹೇಳುತ್ತ ತುಪ್ಪ ತುಂಬಿಸುತ್ತಾರೆ. ಸೆಟ್ಟಿನ ಕಾಯಿಗೆ ಆ ಕೆಲಸವನ್ನು ಕಾರ್ಖಾನೆಯಲ್ಲೇ ಮಾಡಿ ಮುಗಿಸಲಾಗಿತ್ತು: ಕಣ್ಣು ಕೊರೆದು, ನೀರು ತೆಗೆದು, ಬಿರಡೆ ಹಾಕಿ ಮೇಣ ಬಳಿದಿದ್ದರು. ಗುರುಸ್ವಾಮಿಗಳು ಮೇಣವನ್ನು ಕೆರೆದು ಬಿರಡೆ ಕಿತ್ತ ಕ್ಷಣ ಹಳಸಿದ ಹಿಟ್ಟಿನಂಥ ಹುಳಿ ವಾಸನೆ ಎದ್ದಿತು. ಕಾಯಿಯನ್ನು ಬೋರಲು ಹಿಡಿದರೆ ಬಟ್ಟಲಿಗೆ ನಾಲ್ಕು ಹನಿ ಕಂದು ನೀರು ಬಿತ್ತು. ಬೆಳಕಿಗೆ ಹಿಡಿದು ತೂತಿನೊಳಗೆ ಇಣುಕಿದಾಗ ಬಿಳಿ ತಿರುಳಿನ ಮೇಲೆ ಹಸಿರು ಬೂಸಲು ಕಂಡಿತು.

ಹುಡುಗನ ಮುಖವನ್ನು ನೋಡಲಾಗಲಿಲ್ಲ. ಹಾಳೆಯ ಪ್ರಕಾರ ಸ್ವಾಮಿ ಅವನ ಸೇವೆಯನ್ನು ತಿರಸ್ಕರಿಸಿದ್ದ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಇರುಮುಡಿ ಕಟ್ಟಿದ ನಮ್ಮ ಗುರುಸ್ವಾಮಿಗಳು ಕಾಯಿಯನ್ನು ಮತ್ತೊಮ್ಮೆ ಮೂಸಿ, “ಇದನ್ನು ಯಾವತ್ತು ಕೊರೆದದ್ದು ಸ್ವಾಮಿ?” ಎಂದು ಕೇಳಿದರು. ಡಬ್ಬ ಬಂದು ಎರಡು ತಿಂಗಳಾಯಿತೆಂದು ಹೇಳಿದಾಗ ಅವರು ನಕ್ಕುಬಿಟ್ಟರು: “ಕೊರೆದ ಕಾಯಿ ಎರಡು ತಿಂಗಳು ಕೂತರೆ, ಋಷಿಗಳು ವ್ರತ ಮಾಡಿದ್ದರೂ ಹುಳಿ ಬರುತ್ತೆ. ಅಂಗಡಿಗೆ ಹೋಗಿ ಒಂದು ಒಳ್ಳೆ ಕಾಯಿ ತನ್ನಿ.” ಪಕ್ಕದ ಬೀದಿಯಿಂದ ತಂದ ಕಾಯಿಯನ್ನು ಹುಡುಗನೇ ಗಾಜಿನ ಚೂರಿನಿಂದ ಕೆರೆದು, ತೆಂಗಿನ ನಾರಿನಿಂದ ಉಜ್ಜಿ ನಯ ಮಾಡಿದ. ಅರ್ಧ ಗಂಟೆ ಹಿಡಿಯಿತು; ಆ ಹೊತ್ತಿನಲ್ಲಿ ಅವನ ಮುಖಕ್ಕೆ ಮತ್ತೆ ಗೆಲುವು ಬಂದದ್ದನ್ನು ನಾನು ಕಂಡೆ. ಕಾಯಿ ದೇಹ, ತುಪ್ಪ ಜೀವಾತ್ಮ ಎಂದು ಗುರುಸ್ವಾಮಿಗಳು ಪ್ರತಿ ವರ್ಷ ಕನ್ನಿಸ್ವಾಮಿಗಳಿಗೆ ಹೇಳುವುದನ್ನು ಈ ಬಾರಿ ಅವನು ಕೈಯಲ್ಲಿ ತನ್ನದೇ ಕೆಲಸವಿಟ್ಟುಕೊಂಡು ಕೇಳಿದ.

ತುಪ್ಪವೂ ಸೆಟ್ಟಿನದು ಒದಗಲಿಲ್ಲ. ಪೊಟ್ಟಣದ ಮುಂಭಾಗದಲ್ಲಿ ಹಸುವಿನ ಚಿತ್ರ, ಹಿಂಭಾಗದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದಲ್ಲಿ ‘ದೀಪಕ್ಕೆ ಮಾತ್ರ, ಸೇವನೆಗೆ ಯೋಗ್ಯವಲ್ಲ’ ಎಂಬ ಸಾಲು. ಮುದ್ರೆಕಾಯಿಯ ತುಪ್ಪ ದೀಪಕ್ಕೆ ಹೋಗುವುದಲ್ಲ. ಅದು ವಿಗ್ರಹಕ್ಕೆ ಅಭಿಷೇಕವಾಗಿ, ಅದರಲ್ಲಿ ಸ್ವಲ್ಪ ಪ್ರಸಾದವಾಗಿ ಮನೆಗೆ ಬರುತ್ತದೆ. ಮನೆಯವರು, ನೆರೆಯವರು, ಮಕ್ಕಳು ಅದನ್ನು ನಾಲಿಗೆಗೆ ಇಟ್ಟುಕೊಳ್ಳುತ್ತಾರೆ. ತಿನ್ನಬಾರದ ತುಪ್ಪವನ್ನು ಇರುಮುಡಿ ಸೆಟ್ಟಿನಲ್ಲಿ ಹಾಕಿ ಮಾರುವುದು ನನ್ನ ದೃಷ್ಟಿಯಲ್ಲಿ ಹುಳಿತ ಕಾಯಿಗಿಂತಲೂ ದೊಡ್ಡ ಲೋಪ. ಕಾಯಿ ಕೆಟ್ಟರೆ ವಾಸನೆಯಿಂದಲಾದರೂ ಗೊತ್ತಾಗುತ್ತದೆ, ಇದು ಓದದಿದ್ದರೆ ಗೊತ್ತೇ ಆಗುವುದಿಲ್ಲ. ಯಾವ ಸೆಟ್ಟನ್ನು ಕೊಂಡರೂ ತುಪ್ಪದ ಪೊಟ್ಟಣವನ್ನು ತಿರುಗಿಸಿ ನೋಡಿ. ನಮ್ಮ ತಂಗಿ ಬೆಣ್ಣೆ ಕಾಯಿಸಿ ಕಳಿಸಿದ್ದ ತುಪ್ಪ ಇದ್ದುದರಿಂದ ಅಂದು ಅದನ್ನೇ ತುಂಬಿಸಿದೆವು.

ಬಿರಡೆಯನ್ನು ಮಾತ್ರ ನಾನು ಮನೆಯಲ್ಲಿ ಮೊದಲೇ ಪರೀಕ್ಷಿಸಿದ್ದೆ. ಎರಡು ಸಾಧಾರಣ ಕಾಯಿಗಳಿಗೆ ತುಪ್ಪ ತುಂಬಿಸಿ, ಒಂದಕ್ಕೆ ಸೆಟ್ಟಿನ ಬಿರಡೆ ಮತ್ತು ಮೇಣ, ಇನ್ನೊಂದಕ್ಕೆ ಗ್ರಂಧಿಗೆ ಅಂಗಡಿಯ ಬಿರಡೆ ಮತ್ತು ನೆನೆಸಿ ಕಿವುಚಿದ ಹಪ್ಪಳದ ಹಿಟ್ಟನ್ನು ಹಾಕಿ, ಎರಡನ್ನೂ ತಲೆಕೆಳಗಾಗಿ ಸ್ಟೀಲ್ ತಟ್ಟೆಯಲ್ಲಿ ಒಂದು ಹಗಲು ಬಿಸಿಲು ಬೀಳುವ ಕಿಟಕಿಯ ಬಳಿ ಇಟ್ಟೆ. ಸಂಜೆಗೆ ಸೆಟ್ಟಿನ ಬಿರಡೆಯ ಕೆಳಗೆ ನಾಲ್ಕಾಣೆಯಷ್ಟಗಲದ ತುಪ್ಪದ ಕಲೆ. ಇನ್ನೊಂದರ ಕೆಳಗೆ ತಟ್ಟೆ ಒಣಗಿತ್ತು. ಕಾಯಿಗೆ ಎಣ್ಣೆಯ ಪಸೆ ಇದ್ದರೆ ಮೇಣ ಅದಕ್ಕೆ ಅಂಟುವುದಿಲ್ಲ, ಬಿಸಿ ತಾಗಿದರೆ ಅದೂ ಮೆತ್ತಗಾಗುತ್ತದೆ. ತುಪ್ಪವನ್ನು ಬಿಸಿಯಾಗಿಯೇ ಸುರಿದರಂತೂ ಯಾವ ಬಿರಡೆಯೂ ನಿಲ್ಲುವುದು ಕಷ್ಟ. ಕರಗಿಸಿ, ಬೆರಳಿಗೆ ಬೆಚ್ಚಗೂ ಅನ್ನಿಸದಷ್ಟು ಆರಿದ ಮೇಲೆ ಸುರಿಯಬೇಕು. ಮುದ್ರೆಕಾಯಿ ಸೋರುವುದಕ್ಕೆ ನಾನು ಈವರೆಗೆ ಕಂಡ ಕಾರಣಗಳೆಲ್ಲ ಈ ಬಗೆಯವು.

ಉಳಿದ ಸಣ್ಣಪುಟ್ಟ ಸಾಮಾನುಗಳ ಗುಣಮಟ್ಟ ಸಾಧಾರಣ. ಅರಿಶಿನ ಚೆನ್ನಾಗಿತ್ತು, ಅವಲಕ್ಕಿಗೆ ಜಿಡ್ಡು ವಾಸನೆ ಬಂದಿತ್ತು, ಬೆಲ್ಲ ನೀರೊಡೆದಿತ್ತು. ಆದರೆ ಪ್ರತಿಯೊಂದೂ ಪ್ಲಾಸ್ಟಿಕ್ ಪೊಟ್ಟಣದಲ್ಲಿದ್ದುದು ಸರಿಯಲ್ಲ, ಎಣಿಸಿದಾಗ ಹದಿನೇಳಾದವು. ಶಬರಿಮಲೆ ಇರುವುದು ಪೆರಿಯಾರ್ ಹುಲಿ ಸಂರಕ್ಷಿತ ಅರಣ್ಯದೊಳಗೆ, ಇರುಮುಡಿಯಲ್ಲಿ ಪ್ಲಾಸ್ಟಿಕ್ ತರಬಾರದೆಂಬ ನಿಯಮವಿದೆ. ಎಲ್ಲವನ್ನೂ ಬಿಚ್ಚಿ ಹಳೆಯ ಪಂಚೆಯ ತುಂಡುಗಳಲ್ಲಿ ಕಟ್ಟಿಕೊಂಡೆವು. ಇನ್ನೊಂದು ಸಂಗತಿ: 2024ರ ಋತುವಿಗೆ ಮುನ್ನವೇ ದೇವಾಲಯದ ಆಡಳಿತ ನೋಡುವ ತಿರುವಾಂಕೂರು ದೇವಸ್ವಂ ಮಂಡಳಿಯು, ಪ್ರಧಾನ ಅರ್ಚಕರಾದ ತಂತ್ರಿಗಳ ಸಲಹೆಯಂತೆ, ಇರುಮುಡಿಯಲ್ಲಿ ಕರ್ಪೂರ, ಅಗರಬತ್ತಿ, ಪನ್ನೀರು ಬೇಡವೆಂದು ತಿಳಿಸಿತ್ತು. ಅಲ್ಲಿ ಅವು ಪೂಜೆಗೆ ಬಳಕೆಯಾಗದೆ ರಾಶಿ ಬೀಳುತ್ತವೆ, ಕರ್ಪೂರದಿಂದ ಬೆಂಕಿಯ ಭಯವೂ ಇದೆ. ಸೆಟ್ಟಿನಲ್ಲಿ ಮೂರೂ ಇದ್ದವು, ಅದೂ ಧಾರಾಳವಾಗಿ. ಅವನ್ನು ಮನೆಯ ಪೂಜೆಗೆ ಬಿಟ್ಟುಬಂದೆವು.

ಸೆಟ್ಟಿನ ಅಕ್ಕಿಯನ್ನು ನಾವು ಮುಟ್ಟಲೇ ಇಲ್ಲ. ಅದು ಒಳ್ಳೆಯ ಅಕ್ಕಿಯೇ ಇರಬಹುದು. ಆದರೆ ಇರುಮುಡಿಯ ಅಕ್ಕಿ ಪೊಟ್ಟಣದಿಂದ ಚೀಲಕ್ಕೆ ಸುರಿಯುವ ವಸ್ತುವಲ್ಲ. ಹೊರಡುವವನು ಮೂರು ಹಿಡಿ ಹಾಕಿದ ಮೇಲೆ ತಾಯಿ, ತಂದೆ, ಬಂಧುಗಳು ಸಾಲಾಗಿ ಬಂದು ಒಂದೊಂದು ಹಿಡಿ ಹಾಕುತ್ತಾರೆ. ನನ್ನ ತಂಗಿ ಮನೆಯ ಡಬ್ಬಿಯಿಂದ ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದ ಅಕ್ಕಿಯನ್ನು ಮಗನ ಚೀಲಕ್ಕೆ ಹಾಕುವಾಗ, ಹಿಡಿಯೊಳಗೆ ಒಂದು ರೂಪಾಯಿಯ ನಾಣ್ಯವನ್ನೂ ಅಡಗಿಸಿಟ್ಟಿದ್ದಳು. ಇದಕ್ಕೆ ಬದಲಿಯನ್ನು ಯಾರೂ ಪ್ಯಾಕ್ ಮಾಡಲಾರರು, ಮಾಡಬೇಕಾಗಿಯೂ ಇಲ್ಲ.

ಸೂಚನೆಗಳ ಹಾಳೆಗೆ ಮತ್ತೆ ಬರುತ್ತೇನೆ. ಶಕುನವನ್ನು ನಂಬಬಾರದೆಂದು ವಾದಿಸುವುದು ನನ್ನ ಉದ್ದೇಶವಲ್ಲ. ಈ ಯಾತ್ರೆಯ ಪರಂಪರೆಯಲ್ಲೇ ಸೂಚನೆಗಳಿವೆ. ಮಕರ ಸಂಕ್ರಾಂತಿಗೆ ಎರಡು ದಿನ ಮೊದಲು ಪಂದಳದಿಂದ ತಿರುವಾಭರಣದ, ಅಂದರೆ ಅಯ್ಯಪ್ಪನ ಒಡವೆಗಳ, ಮೆರವಣಿಗೆ ಹೊರಡುವುದು ವಲಿಯ ಕೋಯಿಕ್ಕಲ್ ದೇವಾಲಯದ ಮೇಲೆ ಗರುಡ ಸುತ್ತುವುದನ್ನು ಕಂಡ ಮೇಲೆ. ಯಾತ್ರಿಕರ ಸಾಂಪ್ರದಾಯಿಕ ಕುಣಿತವಾದ ಎರುಮೇಲಿಯ ಪೇಟೆತುಳ್ಳಲ್‌ನಲ್ಲಿ ಅಂಬಲಪುಳದ ತಂಡ ಆಕಾಶದಲ್ಲಿ ಗರುಡನನ್ನು ಕಂಡು ಕುಣಿತ ಆರಂಭಿಸುತ್ತದೆ, ಆಲಂಗಾಡಿನ ತಂಡ ಹಗಲಿನಲ್ಲೇ ನಕ್ಷತ್ರ ಕಂಡಿತೆಂದು ಹೊರಡುತ್ತದೆ. ಸಾವಿರಾರು ಮಂದಿ ಒಟ್ಟಿಗೆ ತಲೆಯೆತ್ತಿ ಕಾಯುವ ಸೂಚನೆಗಳಿವು. ಹೊರಡಿ ಎನ್ನುವುದಷ್ಟೇ ಇವುಗಳ ಅರ್ಥ, ನೀನು ದೋಷಿ ಎಂದು ಯಾವುದೂ ಹೇಳುವುದಿಲ್ಲ. ಮಕರಜ್ಯೋತಿಯ ವಿಷಯದಲ್ಲೂ ಆಕಾಶದಲ್ಲಿ ಉದಿಸುವ ನಕ್ಷತ್ರ ಬೇರೆ, ಎದುರಿನ ಪೊನ್ನಂಬಲಮೇಡು ಬೆಟ್ಟದಲ್ಲಿ ಬೆಳಗುವ ಮಕರವಿಳಕ್ಕು ದೀಪ ಬೇರೆ. ಎರಡನೆಯದನ್ನು ಮನುಷ್ಯರೇ ಬೆಳಗಿಸುತ್ತಾರೆಂದು ದೇವಸ್ವಂ ಮಂಡಳಿಯೇ 2011ರಲ್ಲಿ ಒಪ್ಪಿಕೊಂಡಿತು, ಹಾಗೆಂದು ಕೈಮುಗಿಯುವವರ ಸಂಖ್ಯೆ ಕಡಿಮೆಯಾಗಲಿಲ್ಲ. ಇಂಥ ಪರಂಪರೆ ಇರುವ ಯಾತ್ರೆಗೆ, ತಮ್ಮದೇ ಸರಕು ಕೆಟ್ಟರೆ ಭಕ್ತನ ಮೇಲೆ ದೋಷ ಹೊರಿಸುವ ಹಾಳೆಯೊಂದನ್ನು ಅಚ್ಚು ಹಾಕಿಸಿದ್ದು ಬರೀ ಅಜ್ಞಾನವೆಂದು ಭಾವಿಸಲು ನಾನು ಪ್ರಯತ್ನಿಸುತ್ತಿದ್ದೇನೆ.

ಆ ಹಾಳೆಯಲ್ಲಿ ಏನಿರಬೇಕಿತ್ತೋ ಅದು ಇರಲಿಲ್ಲ ಎಂಬುದೂ ನನ್ನ ದೂರು. ಆ ಋತುವಿನಲ್ಲಿ ವರ್ಚುವಲ್ ಕ್ಯೂ ಮೂಲಕ ದಿನಕ್ಕೆ 70,000 ಮಂದಿಗೆ ದರ್ಶನದ ವ್ಯವಸ್ಥೆಯಿತ್ತು. ದಿನಾಂಕವನ್ನು ಮುಂಚಿತವಾಗಿ ಕಾಯ್ದಿರಿಸಬೇಕು ಎಂಬ ಒಂದು ಸಾಲೂ ಹಾಳೆಯಲ್ಲಿಲ್ಲ. ಇರುಮುಡಿ ಹೊತ್ತವರಿಗೆ ಮಾತ್ರ ಹದಿನೆಂಟು ಮೆಟ್ಟಿಲು ಎಂಬುದಿಲ್ಲ. ಬೆಳಗಿನ ಹೊತ್ತು ತಪ್ಪಿದರೆ ತುಪ್ಪದ ಅಭಿಷೇಕಕ್ಕೆ ಮರುದಿನದವರೆಗೆ ಕಾಯಬೇಕಾಗಬಹುದು ಎಂಬುದಿಲ್ಲ. ಬಟ್ಟೆಯನ್ನು ಪಂಪೆಗೆ ಎಸೆಯುವುದು ಆಚಾರವಲ್ಲ, ನಿಷಿದ್ಧ ಎಂಬುದಿಲ್ಲ. ವಿಮಾನದಲ್ಲಿ ಹೋಗುವವರು ಸಾಮಾನ್ಯವಾಗಿ ತೆಂಗಿನಕಾಯಿಯನ್ನು ಕೈಚೀಲದಲ್ಲಿ ಒಯ್ಯುವಂತಿಲ್ಲ, ಆ ಋತುವಿನಲ್ಲಿ 2025ರ ಜನವರಿ 20ರವರೆಗೆ ಶಬರಿಮಲೆ ಯಾತ್ರಿಕರಿಗೆ ವಿನಾಯಿತಿ ಕೊಡಲಾಗಿತ್ತು ಎಂಬುದೂ ಇಲ್ಲ. ಹೊರಡುವ ಎರಡು ವಾರ ಮೊದಲಿನಿಂದ ಬರಿಗಾಲಲ್ಲಿ ದಿನಾ ನಡೆದು, ಮೆಟ್ಟಿಲು ಹತ್ತಿ ರೂಢಿ ಮಾಡಿಕೊಳ್ಳಿ ಎಂಬ ಮಾತನ್ನು ಹಲ್ಲಿಯ ಜಾಗದಲ್ಲಿ ಹಾಕಿದ್ದರೆ ಎಷ್ಟೋ ಮೊಣಕಾಲುಗಳು ಉಳಿಯುತ್ತಿದ್ದವು. ಶರಣುಘೋಷದ ಪುಸ್ತಕವನ್ನು ಮಾತ್ರ ಹೊಗಳಲೇಬೇಕು: ದೀಪದ ಬೆಳಕಿನಲ್ಲೂ ಓದಬಹುದಾದ ದಪ್ಪ ಅಕ್ಷರ, ತಪ್ಪುಗಳೂ ವಿರಳ.

ಬೆಲೆಯ ಲೆಕ್ಕ ಹಾಕಿದರೆ, ಇದೇ ಸಾಮಾನುಗಳನ್ನು ಬಿಡಿಬಿಡಿಯಾಗಿ ಗ್ರಂಧಿಗೆ ಅಂಗಡಿಯಲ್ಲಿ ಕೊಂಡ ನನಗೆ ಸುಮಾರು 900 ರೂಪಾಯಿ ಆಯಿತು. ಹೆಚ್ಚುವರಿ 550 ರೂಪಾಯಿಗೆ ಸಿಕ್ಕಿದ್ದು ಅಲೆದಾಟದ ಉಳಿತಾಯ. ಹತ್ತಿರದಲ್ಲಿ ಗುರುಸ್ವಾಮಿಗಳಾಗಲಿ ಅಂಗಡಿಯಾಗಲಿ ಇಲ್ಲದವರು ಮಾಲೆ, ಪಂಚೆ, ಚೀಲ, ಪುಸ್ತಕಗಳಿಗಾಗಿ ಇದನ್ನು ಕೊಳ್ಳಬಹುದು. ಕಾಯಿ, ತುಪ್ಪ, ಅಕ್ಕಿ, ಬೆಲ್ಲಗಳನ್ನು ಕಟ್ಟುವ ದಿನಕ್ಕೆ ಹೊಸದಾಗಿ ತಂದುಕೊಳ್ಳಲೇಬೇಕು. ಐದರಲ್ಲಿ ಎರಡು ಅಂಕ ಕೊಡುತ್ತೇನೆ, ಎರಡೂ ಚೀಲಕ್ಕೆ.

ಹುಡುಗನ ಮುದ್ರೆಕಾಯಿಯನ್ನು ಸನ್ನಿಧಾನದಲ್ಲಿ ಒಡೆದಾಗ ತುಪ್ಪ ಹನಿಯೂ ಸೋರದೆ ಬೆಳ್ಳಗೆ ಗಟ್ಟಿಯಾಗಿ, ಕಾಯಿಯ ಆಕಾರದಲ್ಲೇ ಪಾತ್ರೆಗೆ ಜಾರಿತು. ಊರಿಗೆ ಮರಳಿ ಮಾಲೆ ತೆಗೆದ ಮೇಲೆ ಮಾರಾಟಗಾರರಿಗೆ ಕಾಯಿ, ತುಪ್ಪ, ದಾರ, ಹಾಳೆ ನಾಲ್ಕರ ಬಗ್ಗೆಯೂ ಚಿತ್ರಗಳೊಂದಿಗೆ ಬರೆದೆವು. ಎರಡು ದಿನಗಳಲ್ಲಿ ವಿನಯದ ಉತ್ತರ ಬಂತು, ಕಾಯಿಯ 120 ರೂಪಾಯಿ ಖಾತೆಗೆ ಮರಳಿತು, ತುಪ್ಪವನ್ನು ಬದಲಿಸುವುದಾಗಿ, ಗಟ್ಟಿ ದಾರ ಬಳಸುವುದಾಗಿ ಒಪ್ಪಿಕೊಂಡರು. ಹಾಳೆಯ ಬಗ್ಗೆ ಕೇಳಿದ್ದಕ್ಕೆ ಇನ್ನೂ ಉತ್ತರ ಬಂದಿಲ್ಲ.